ಸಾಲಿನ ಬಾಲ

ಅವನು ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಸಾಕು, ಬೀದಿಯ ಕಾಗೆಗಳು ಕೂಡ ಕರೆಂಟು ತಂತಿಯ ಮೇಲೆ ಸಾಲಿಗೆ ಮೂವತ್ತರಂತೆ ಕೂರುತ್ತಿದ್ದವು; ಮೂವತ್ತೊಂದನೆಯ ಕಾಗೆ ಯಾರೂ ಹೇಳದೆಯೇ ಕೆಳಗಿನ ತಂತಿಗೆ ಇಳಿಯುತ್ತಿತ್ತು. ಇದನ್ನು ಕಣ್ಣಾರೆ ಕಂಡವರಿದ್ದಾರೆ. ಅವರ ವಿಳಾಸ ಮಾತ್ರ ಈಗ ಕೈಗೆ ಸಿಗುತ್ತಿಲ್ಲ.

ಮನೆಯಲ್ಲಿ ಅವನಿಗೆ ಬಡಾಯಿ ಎಂದೇ ಹೆಸರು. ಇಟ್ಟವಳು ಅಕ್ಕ. ಅಕ್ಕ ನಾಟಕದವಳು, ಅವನು ಕಚೇರಿಯೊಂದರಲ್ಲಿ ಯಂತ್ರಗಳ ಕೈಪಿಡಿ ತಿದ್ದುವವನು. ಅವನು ಬಳಸುವ ಎಡಿಟರ್, ಅಂದರೆ ಕಂಪ್ಯೂಟರಿನಲ್ಲಿ ಬರಹ ತಿದ್ದುವ ತಂತ್ರಾಂಶ, ಹೇಳಿದ್ದನ್ನು ಟೈಪು ಮಾಡಿಸಿಕೊಂಡು ತೆಪ್ಪಗಿರುವಂಥದ್ದಲ್ಲ, ಆಜ್ಞೆ ಬರೆದುಕೊಟ್ಟರೆ ಹಾಗೇ ಕುಣಿಯುವಂಥದ್ದು. ಅದು ಬೆಳಿಗ್ಗೆ ಎದ್ದು ಮೊದಲು ತನಗೆ ಕೈಮುಗಿದೇ ಕೆಲಸ ಶುರುಮಾಡುತ್ತದೆ ಎಂದು ಅವನು ಹೇಳುತ್ತಿದ್ದ.

ಅಮ್ಮನಿಗೆ ಕಿವಿ ಕೇಳುವುದಿಲ್ಲ. ಎದುರು ಕೂತವರ ತುಟಿ ನೋಡಿ ಮಾತು ಹಿಡಿಯುತ್ತಾಳೆ. ಅದಕ್ಕೆ ಕನ್ನಡಕ ಬೇಕೇ ಬೇಕು. ಹಾಗಾಗಿ ಆ ಮನೆಯಲ್ಲಿ ಏನು ಹೇಳುವುದಿದ್ದರೂ ಎರಡು ಸಲ ಹೇಳಬೇಕು: ಹಜಾರದಲ್ಲಿ ನಿಂತು ಎಲ್ಲರಿಗೂ ಒಂದು ಸಲ, ಅಮ್ಮನ ಮುಂದೆ ಹೋಗಿ ಅಮ್ಮನಿಗೇ ಇನ್ನೊಂದು ಸಲ. ಎರಡನೆಯದನ್ನು ಮರೆಯುವುದರಲ್ಲಿ ಬಡಾಯಿ ನಿಸ್ಸೀಮ.

"ಸಂಜೆ ಬರಲ್ಲ ಅಂತ ಹೇಳಿದ್ನಲ್ಲಮ್ಮ."

"ಯಾರಿಗೆ ಹೇಳಿದೆ?" ಎನ್ನುತ್ತಾಳೆ ಅಮ್ಮ, ಆರಿದ ಅನ್ನದ ಪಾತ್ರೆ ಮುಂದಿಟ್ಟುಕೊಂಡು.

ಅಕ್ಕನ ಹೊಸ ನಾಟಕಕ್ಕೆ ರಂಗದ ಪಕ್ಕ ಒಂದು ಫಲಕ ಬಂತು. ನಟರು ಆಡುವ ಮಾತು ಅಕ್ಷರವಾಗಿ ಅದರ ಮೇಲೆ ಮೂಡುತ್ತದೆ, ಒಂದು ಸಲಕ್ಕೆ ಒಂದು ಸಾಲು. ಸಾಲಿಗೆ ಮೂವತ್ತು ಅಕ್ಷರ ಹಿಡಿಸುತ್ತದೆ, ಹೆಚ್ಚಾದದ್ದು ಗೋತಾ. ಮಾತುಗಳನ್ನು ಆ ಅಳತೆಗೆ ಮುರಿದುಕೊಡುವ ಕೆಲಸ ಬಡಾಯಿಗೆ ಬಿತ್ತು.

"ನಿನ್ನ ನಂಬಿ ಅಮ್ಮನ್ನ ಕರ್ಕೊಂಡು ಬರ್ತಿದೀನಿ ಕಣೋ," ಅಂದಳು ಅಕ್ಕ. "ಇಷ್ಟು ವರ್ಷ ಅವಳು ನಾನು ಕೈಕಾಲು ಆಡ್ಸೋದನ್ನ ನೋಡಿ ಚಪ್ಪಾಳೆ ತಟ್ಟಿದಾಳೆ. ನನ್ನ ಒಂದು ಮಾತೂ ಅವಳಿಗೆ ಗೊತ್ತಿಲ್ಲ. ಕೊನೇಲಿ ಮಗಳು ತಾಯಿಗೆ ಹೇಳೋ ಮಾತಿದೆಯಲ್ಲ, ಅದನ್ನ ಅಮ್ಮ ಓದ್ಬೇಕು. ಮನೇಲಿ ಎದುರು ಕೂತು ಹಾಗೆಲ್ಲ ಹೇಳೋಕೆ ನನಗೆ ಬಾಯಿ ಬರಲ್ಲ."

"ಎಡಿಟರಿಗೇ ಹೇಳ್ಬಿಟ್ಟಿದೀನಿ. ಇನ್ನು ಅದು ಮೂವತ್ತೊಂದನೇ ಅಕ್ಷರ ಕಂಡ್ರೆ ಹೆದ್ರಿ ಓಡುತ್ತೆ."

"ಒಂದ್ಸಲ ಪೂರ್ತಿ ನೋಡ್ಬಿಡೋ."

"ಸೂರ್ಯ ಹುಟ್ಟಿದನಾ ಅಂತ ದಿನಾ ಹೋಗಿ ನೋಡ್ತೀಯಾ?"

ಅವನು ಮಾಡಿದ್ದು ಇಷ್ಟು. ನಾಟಕದ ಮೊದಲರ್ಧ ಒಂದು ಫೈಲು, ಉತ್ತರಾರ್ಧ ಇನ್ನೊಂದು. ಮೊದಲರ್ಧವನ್ನು ತೆರೆದು ಸಾಲಿನ ಅಗಲ ಮೂವತ್ತು ಎಂದು ಆಜ್ಞೆ ಕೊಟ್ಟ. ಎರಡೂ ಫೈಲುಗಳಲ್ಲಿ ಸಾಲು ಮುರಿಸಿದ. ಮೊದಲನೆಯದನ್ನು ನೋಡಿ ಮೀಸೆ ತಿರುವಿ, ಎರಡನೆಯದನ್ನು ನೋಡದೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ.

ಪ್ರದರ್ಶನದ ದಿನ ಅವನು ಸಭಾಂಗಣದ ಹಿಂದಿನ ಗಾಜಿನ ಗೂಡಿನಲ್ಲಿ ಕೂತು, ಸಾಲಿಗೊಂದರಂತೆ ಗುಂಡಿ ಒತ್ತುತ್ತಿದ್ದ. ಮೊದಲರ್ಧ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಅಮ್ಮ ಮೂರನೆಯ ಸಾಲಿನಲ್ಲಿ ಕತ್ತು ಚಾಚಿ ಓದುತ್ತಿದ್ದಳು. ಎಲ್ಲರೂ ನಕ್ಕಾಗ ನಕ್ಕಳು, ಎಷ್ಟೋ ವರ್ಷಗಳ ಮೇಲೆ, ಎಲ್ಲರ ಜೊತೆಗೇ.

ವಿರಾಮ ಮುಗಿದು ಪರದೆ ಎದ್ದಿತು. ಮನೆಯ ಮಾಲೀಕ ಮುಷ್ಟಿ ಬಿಗಿದು ಬಾಡಿಗೆಯವರ ಮೇಲೆ ಏರಿಹೋದ. ಫಲಕ ಹೇಳಿತು: "ಮನೆಯಲ್ಲಿ ಹತ್ತು ನಾಯಿ ಸಾಕಿದ್ರೂ ಪರವಾಗಿಲ್ಲ, ಇದ್ದುಬಿಡಿ ತಾಯಿ". "ಅನ್ನೋಕೆ ನನಗೇನು ಹುಚ್ಚು ಹಿಡಿದಿದ್ಯಾ" ಎಂಬ ಬಾಲ ಫಲಕದ ಆಚೆ, ಗೋಡೆಯೊಳಗೆ ಎಲ್ಲೋ ಹೋಯಿತು.

"ಏನಪ್ಪಾ ಬಡಾಯಿ," ಅಂದ ಪಕ್ಕದಲ್ಲಿದ್ದ ಲೈಟಿನವನು, "ಮಾಲೀಕ ಇಷ್ಟು ಒಳ್ಳೆಯವನು ಅಂತ ನನಗೆ ಗೊತ್ತೇ ಇರ್ಲಿಲ್ಲ."

ಬೇರೆ ಭಾಷೆಯಾಗಿದ್ದರೆ ಬಾಲ ಹೋದರೂ ತಲೆ ಉಳಿಯುತ್ತಿತ್ತೋ ಏನೋ. ನಮ್ಮ ಮಾತಿನ ಜೀವ ಇರುವುದೇ ಬಾಲದಲ್ಲಿ. ಬರುತ್ತೇನೆಯೋ ಬರುವುದಿಲ್ಲವೋ ಎಂಬುದು ಕೊನೆಯ ಉಸಿರಿನಲ್ಲಿ ತಾನೇ ಗೊತ್ತಾಗುವುದು?

ಒಂದು ಕೈಯಲ್ಲಿ ಗುಂಡಿ ಒತ್ತುತ್ತ, ಇನ್ನೊಂದರಲ್ಲಿ ಅವನು ಎಡಿಟರ್ ತೆರೆದು ಕೇಳಿದ: ಸಾಲಿನ ಅಗಲ ಎಷ್ಟು? ಮೂವತ್ತು, ಅಂದಿತು. ಮತ್ತೆ ಆಜ್ಞೆ ಕೊಟ್ಟ: ಮೂವತ್ತು. ಆಯಿತು, ಅಂದಿತು. ಫಲಕದ ಮೇಲೆ ಸಾಲುಗಳ ಬಾಲ ತುಂಡಾಗುತ್ತಲೇ ಇತ್ತು.

"ಮೂವತ್ತೇ ಅಂತಿದೆಯಲ್ಲ ಇದು."

"ಯಾವ ಫೈಲಲ್ಲಿ ನಿಂತು ಕೇಳ್ತಿದೀಯ?" ಅಂದ ಲೈಟಿನವನು, ಸುಮ್ಮನೆ, ಮಾತಿಗೆ.

ಮೊದಲರ್ಧದಲ್ಲಿ. ಅವನು ಉತ್ತರಾರ್ಧವನ್ನು ತೆರೆದು ಅಲ್ಲಿ ನಿಂತು ಅದೇ ಪ್ರಶ್ನೆ ಕೇಳಿದ. ಎಪ್ಪತ್ತು, ಅಂದಿತು ಎಡಿಟರ್, ಮುಖ ನೋಡದೆ.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಯಾರೂ ಏನೂ ಹೇಳದಿದ್ದಾಗ ಎಲ್ಲ ಫೈಲಿಗೂ ಸಲ್ಲುವ ಅಳತೆಯೊಂದಿತ್ತು, ಎಪ್ಪತ್ತರದು. ಅದು ಊರ ದಾರಿ, ಡಿಫಾಲ್ಟ್ ಅನ್ನುವುದು ಅದನ್ನೇ. ಅವನ ಆಜ್ಞೆ ಅದನ್ನು ಮುಟ್ಟಿರಲೇ ಇಲ್ಲ. ಕೇಳಿಸಿಕೊಂಡದ್ದು ಆಗ ಎದುರಿಗಿದ್ದ ಆ ಒಂದು ಫೈಲು ಮಾತ್ರ. ಪೋರನ ಕಿವಿಯಲ್ಲಿ ಪಿಸುಗುಟ್ಟಿ, ಊರಿಗೆಲ್ಲ ಡಂಗುರ ಸಾರಿದೆ ಎಂದುಕೊಂಡಿದ್ದ.

ಅಷ್ಟರಲ್ಲಿ ಅಮ್ಮ ಕನ್ನಡಕ ತೆಗೆದು ಡಬ್ಬಿಗೆ ಹಾಕಿ ಟಪ್ಪನೆ ಮುಚ್ಚಿ... ಅಲ್ಲ, ಅದು ಬಾಯಿ ತಪ್ಪಿ ಬಂತು. ಮುಂದೆ ಕೇಳಿ.

ಗುಟ್ಟು ತಿಳಿದ ಮೇಲೆ ಬಡಾಯಿಯನ್ನು ಹಿಡಿಯುವವರುಂಟೇ? ಮಿಂಚು ನಾಚುವ ವೇಗದಲ್ಲಿ ಊರಿಗೇ ಆಜ್ಞೆ ಕೊಟ್ಟ: ಎಲ್ಲ ಕಡೆಗೂ ಮೂವತ್ತು. ಸಾಲುಗಳು ಸಿಪಾಯಿಗಳಂತೆ ಮುರಿದು ನಿಂತವು. ಅಕ್ಕನ ಕೊನೆಯ ಮಾತು ತಲೆಯಿಂದ ಬಾಲದವರೆಗೆ ಫಲಕದ ಮೇಲೆ ಮೂಡಿತು. ಅಮ್ಮ ಒಂದಕ್ಷರ ಬಿಡದೆ ಓದಿ ಕಣ್ಣೊರೆಸಿಕೊಂಡಳು. ಚಪ್ಪಾಳೆಗೆ ಗೋಡೆಯ ಸುಣ್ಣ ಉದುರಿತು.

ಹೌದು, ಕೇಳುತ್ತೀರಿ, ಗೊತ್ತು. ಕನ್ನಡಕ ಡಬ್ಬಿಯಲ್ಲಿದ್ದರೆ ಅಮ್ಮ ಓದಿದ್ದು ಹೇಗೆ?

ಸಿಕ್ಕಿಬಿದ್ದದ್ದಾಯಿತು. ಓದಲಿಲ್ಲ. ಕಾಗೆಗಳದ್ದೂ ಸುಳ್ಳು.

ಊರಿಗೆ ಆಜ್ಞೆ ಕೊಟ್ಟದ್ದು ನಿಜ, ಸಾಲು ಮುರಿದದ್ದೂ ನಿಜ. ಆದರೆ ಫಲಕ ನಡೆಸುವ ಯಂತ್ರ ವಿರಾಮದಲ್ಲೇ ಹಳೆಯ ಫೈಲನ್ನು ನುಂಗಿ ಕೂತಿತ್ತು. ಹೊಸದನ್ನು ತಿನ್ನಿಸಬೇಕಾದರೆ ಅದು ಮೊದಲ ಮಾತಿನಿಂದ ಶುರುಮಾಡಬೇಕು. ರಂಗದ ಮೇಲೆ ಅಕ್ಕ ಯಾರಿಗೂ ಕಾಯುವಂತಿರಲಿಲ್ಲ. ಅವಳು ಮುಂದೆ ಬಂದು ನಿಂತಳು. ಸರಿಯಾದ ಸಾಲು ಅವನ ಮಡಿಲಲ್ಲಿ ಹೊಳೆಯುತ್ತಿತ್ತು. ತುಂಡು ಸಾಲಿನ ಗುಂಡಿಯನ್ನು ಅವನೇ, ತನ್ನ ಬೆರಳಿನಿಂದಲೇ ಒತ್ತಿದ.

"ಅಮ್ಮಾ, ನಿನ್ನ ಜೊತೆ ಕೂತು ಮಾತಾಡೋದಕ್ಕೆ ನನಗೆ ಇಷ್ಟವೇ ಇಲ್ಲ"

"ಅಂತ ತಿಳ್ಕೊಂಡಿದ್ಯಲ್ಲ, ಅದು ತಪ್ಪು," ಅಂದಳು ಅಕ್ಕ. ಕಿವಿಯಿದ್ದವರೆಲ್ಲ ಕೇಳಿಸಿಕೊಂಡರು. ಕನ್ನಡಕ ಡಬ್ಬಿಗೆ ಹೋದದ್ದು ಆಗ.

ನಾಟಕ ಮುಗಿದ ಮೇಲೆ ಅವನು ಮೆಟ್ಟಿಲಿಳಿದು ಓಡಿ ಬಂದ. ಅಮ್ಮ ಖಾಲಿ ಕುರ್ಚಿಗಳ ನಡುವೆ ಕೈಚೀಲ ಹಿಡಿದು ಕೂತಿದ್ದಳು. ಅವನು ಅವಳ ಮುಂದೆ ಮಂಡಿಯೂರಿ ಒಂದೇ ಉಸಿರಿಗೆ ಹೇಳತೊಡಗಿದ: ಅದು ಅಕ್ಕನ ಮಾತಲ್ಲ, ಅರ್ಧ ಮಾತು, ತಪ್ಪು ನನ್ನದು, ಒಂದು ಫೈಲಿಗೆ ಹೇಳಿ ಎಲ್ಲಕ್ಕೂ ಹೇಳಿದೆ ಅಂದುಕೊಂಡೆ.

ಅಮ್ಮ ಅವನ ತುಟಿಯತ್ತ ನೋಡಿದಳು. ಕನ್ನಡಕವಿಲ್ಲದೆ ಅವಳಿಗೆ ಕಾಣುತ್ತಿದ್ದದ್ದು ಅಲುಗಾಡುವ ಒಂದು ಮಸುಕು ಅಷ್ಟೇ. ಚೀಲದ ಬಾಯಿಯನ್ನು ಅವಳು ಬಿಗಿಯಾಗಿ ಹಿಡಿದಿದ್ದಳು.

"ಯಾರಿಗೆ ಹೇಳ್ತಾ ಇದ್ದೀಯಪ್ಪಾ?" ಅಂದಳು.