ಗಡಿಯಾಚೆ ನಾಲ್ಕು ಚುಕ್ಕೆ

ಒಂಬತ್ತು ವರ್ಷ ನಾನು ಹುಡುಕಿದ್ದು ಒಂದನ್ನೇ. ಒಂದು ಜಾತಿಯ ಕಣವಿದೆ, ಹುಟ್ಟಿದ ಕೂಡಲೇ ಒಡೆಯುತ್ತದೆ. ನೂರು ಕೋಟಿ ಸಲಕ್ಕೊಮ್ಮೆ ಬೇರೆಯೇ ರೀತಿಯಲ್ಲಿ ಒಡೆಯುತ್ತದಂತೆ. ಅದನ್ನು ಕಂಡವರಿಲ್ಲ. ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರವನ್ನು ಹೋದ ತಿಂಗಳು ಬಿಚ್ಚಿಹಾಕಿದರು. ಈಗಿರುವ ದಾಖಲೆಯಲ್ಲಿ ಸಿಗದಿದ್ದರೆ ನನ್ನ ಜನ್ಮದಲ್ಲಿ ಇನ್ನು ಸಿಗುವುದಿಲ್ಲ.

ನಮ್ಮಲ್ಲೊಂದು ಕಟ್ಟುಪಾಡಿದೆ. ಆ ಒಡೆತ ಕಾಣಬಹುದಾದ ಜಾಗಕ್ಕೆ ಮೊದಲೇ ಗಡಿ ಹಾಕಿ, ಯಾರೂ ನೋಡದಂತೆ ಮುಚ್ಚಿಡುತ್ತೇವೆ. ಅದನ್ನು ಪೆಟ್ಟಿಗೆ ಎನ್ನುತ್ತೇವೆ. ತೆರೆದ ಮೇಲೆ ಗಡಿ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮನುಷ್ಯ ತನಗೆ ಬೇಕಾದದ್ದನ್ನೇ ಕಂಡುಬಿಡುತ್ತಾನೆ. ಈ ವಿಷಯದಲ್ಲಿ ನನ್ನಂಥ ಜಿಗುಟು ಇನ್ನೊಬ್ಬರಿಲ್ಲ. ನಾಲ್ಕು ವರ್ಷದ ಹಿಂದೆ ಪಕ್ಕದ ಮೇಜಿನ ಗಡ್ಡದವನು ಗಡಿ ತಪ್ಪಾಗಿ ಹಾಕಿ, ಪೆಟ್ಟಿಗೆ ತೆರೆದ ಮೇಲೆ ಅದನ್ನು ಸರಿಸಲು ಬಿಡಿ ಎಂದು ಅಂಗಲಾಚಿದಾಗ "ಆಗಲ್ಲ" ಎಂದವಳು ನಾನೇ. ಎರಡನೇ ಸಲ ಬಾಯಿ ತೆರೆಯಲೂ ಬಿಡಲಿಲ್ಲ.

ಇವತ್ತು ಬೆಳಿಗ್ಗೆ ಹತ್ತಕ್ಕೆ ನನ್ನ ಪೆಟ್ಟಿಗೆ ತೆರೆದೆವು. ಖಾಲಿ. ಪರದೆಯ ಮೇಲೆ ಗಡಿಯಿಂದ ಕೂದಲೆಳೆಯಷ್ಟು ಆಚೆ, ಒಡೆತಕ್ಕೊಂದರಂತೆ, ನಾಲ್ಕು ಚುಕ್ಕೆಗಳು ಒತ್ತೊತ್ತಾಗಿ ಕೂತಿದ್ದವು. ಕಾರಣ ಆಮೇಲೆ ಹೊಳೆಯಿತು. ಯಂತ್ರದ ಆಯಸ್ಕಾಂತ ಬದಲಿಸಿದ ವರ್ಷ ಕಣದ ತೂಕದ ಅಳತೆ ಚೂರು ಸರಿದಿತ್ತು. ಹುಷಾರು ಎಂದು ಎಲ್ಲರಿಗೂ ಪತ್ರ ಬರೆದವಳು ನಾನು. ನನ್ನ ಗಡಿಯನ್ನು ಮಾತ್ರ ಸರಿಸಿರಲಿಲ್ಲ.

ನನ್ನ ಲೆಕ್ಕ ಪರಿಶೀಲಿಸುವವನು ಈಗ ಆ ಗಡ್ಡದವನೇ. ಮಾನ ಮರ್ಯಾದೆ ಬಿಟ್ಟು ಅವನ ಕೈ ಹಿಡಿದೆ.

"ಗಡಿಯಲ್ಲಿ ಒಂದೇ ಒಂದು ಅಂಕಿ ಬದಲಿಸ್ತೀನಿ ಕಣೋ. ಅವು ನಿಜ ಅಂತ ನಿಂಗೂ ಗೊತ್ತು."

"ಗೊತ್ತು. ನಂದೂ ನಿಜಾನೇ ಆಗಿತ್ತು." ದನಿಯಲ್ಲಿ ಹಗೆಯಿರಲಿಲ್ಲ, ಇದ್ದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. "ಕಾಣಲಿಲ್ಲ ಅಂತ ಬರಿ. ನಾನೂ ಹಾಗೇ ಬರೆದಿದ್ದು."

ಬರೆದೆ. ಪರದೆಯ ಇನ್ನೊಂದು ಅರ್ಧದಲ್ಲಿ ನಾಲ್ಕೂ ಚುಕ್ಕೆ ಹಾಗೇ ಇದ್ದವು. ಎದೆ ಎದೆ ಬಡಿದುಕೊಂಡು ಅಳಬೇಕೆನಿಸಿತು.

ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಅವಳದು ಒಂಬತ್ತು ವರ್ಷದಿಂದ ಒಂದೇ ಪ್ರಶ್ನೆ.

"ಸಿಕ್ತೇನೇ?"

"ಇಲ್ಲಮ್ಮ."

"ನಿನ್ನ ಬುದ್ಧಿ ಗೊತ್ತಿಲ್ವಾ ನಂಗೆ? ಕನ್ನಡಕ ತಲೆ ಮೇಲೆ ಇಟ್ಕೊಂಡು ಮನೆಯೆಲ್ಲ ಜಾಲಾಡೋಳು! ಅಲ್ಲೇ ಪಕ್ಕದಲ್ಲೆಲ್ಲೋ ಇರುತ್ತೆ, ಸರಿಯಾಗಿ ನೋಡು."

"ಅಲ್ಲೇ ಇದೆ ಕಣಮ್ಮ," ಎಂದೆ.

"ಮತ್ತೆ ಎತ್ಕೊಳ್ಳೋದಕ್ಕೇನೇ ಕಷ್ಟ ನಿಂಗೆ?"