ಇಬ್ಬರ ಮಡಕೆ

ಎದುರುಮನೆಯ ಮದಾಂ ಓದೆತ್ ತನ್ನ ಮಣ್ಣಿನ ಮಡಕೆಯನ್ನು ಕಸದ ಚೀಲದ ಪಕ್ಕ ಇಟ್ಟು ಬಾಗಿಲು ಹಾಕಿಕೊಂಡದ್ದನ್ನು ಪ್ರೇಮಾವತಿ ತಮ್ಮ ಹೊಸ್ತಿಲಿಂದ ನೋಡಿದರು. ಗಂಡನನ್ನು ಕೊರೊನಾ ಒಯ್ದಂದಿನಿಂದ ಆ ಫ್ರೆಂಚ್ ಮುದುಕಿ ನೆಟ್ಟಗೆ ಉಂಡಿರಲಿಲ್ಲ. ಈಗ ಮಡಕೆಯೂ ಹೊರಗೆ ಬಿತ್ತೆಂದರೆ, ಬದುಕುವ ಮನಸ್ಸೇ ಇಲ್ಲವೆಂದಾಯಿತು.

ಮಗಳ ಬಾಣಂತನಕ್ಕೆಂದು ಉಡುಪಿಯಿಂದ ನೆದರ್ಲ್ಯಾಂಡ್ಸಿನ ಮಾಸ್ಟ್ರಿಕ್ಟಿಗೆ ಬಂದು, ವಿಮಾನ ನಿಂತು, ಇಲ್ಲೇ ಉಳಿದವರು ಪ್ರೇಮಾವತಿ. ಮದಾಂಗೆ ಸ್ಟೀಲ್ ಡಬ್ಬಿಯಲ್ಲಿ ಸಾರು ಕಳಿಸಿದ್ದರು. ಮುಚ್ಚಳವನ್ನೂ ತೆಗೆಯದೆ ಮರಳಿ ಬಂದಿತ್ತು.

"ಅವರಿಗೆ ಡಬ್ಬಿ ಊಟ ಸೇರುದಿಲ್ಲಮ್ಮ," ಎಂದಳು ಮಗಳು ತನುಶ್ರೀ. "ಭಾನುವಾರ ಆ ಮಡಕೆಯಲ್ಲಿ ಪೆತಿತ್ ಮಾರ್ಮಿತ್ ಮಾಡ್ತಿದ್ರು. ದನದ ಮಾಂಸ, ಕೋಳಿ, ತರಕಾರಿ ಹಾಕಿ ಸಣ್ಣ ಉರಿಯಲ್ಲಿಟ್ಟ ತಿಳಿಸಾರು. ಬೆಂದ ಮಡಕೆಯನ್ನೇ ಮೇಜಿಗೆ ತಂದು ಗಂಡ ಹೆಂಡತಿ ಉಣ್ಣುದು."

"ಒಲೆ ಮೇಲಿನ ಪಾತ್ರೆಯನ್ನೇ? ಎಂತ ಕ್ರಮ ಮಾರಾಯ್ತಿ!"

ಪ್ರೇಮಾವತಿಯ ಉಡುಪಿಯ ಮನೆಯಲ್ಲಿ ಅಡುಗೆಯ ಪಾತ್ರೆ ಒಳಗೇ ಇರಬೇಕು, ಬಡಿಸುವ ಪಾತ್ರೆ ಬೇರೆ. ಅಂಗಳದಲ್ಲಿ ನಿಲ್ಲುವವರಿಗಂತೂ ಪಾತ್ರೆಯೇ ಇಲ್ಲ. ಮೇಲಿಂದ ಸುರಿದರೆ ಬೊಗಸೆಯೊಡ್ಡಬೇಕು. ಒಂದೂವರೆ ಮೀಟರ್ ಅಂತರವನ್ನು ಈ ದೇಶ ಮೊನ್ನೆ ಮೊನ್ನೆ ಕಲಿಯಿತು. ಆ ಅಡುಗೆಮನೆಗೆ ಅದು ತಲತಲಾಂತರದ ವಿದ್ಯೆ. ಇಲ್ಲಿಯವರು ರೋಗಕ್ಕೆ ಅಂಜಿದರು. ಅಲ್ಲಿಯವರು ಯಾವುದಕ್ಕೆ?

ಪ್ರೇಮಾವತಿ ಹೋಗಿ ಮಡಕೆಯನ್ನು ಎತ್ತಿಕೊಂಡರು.

"ಅಮ್ಮಾ! ಅದು ದನ ಬೇಯಿಸಿದ್ದು!"

"ಗೊತ್ತುಂಟು. ದನ ಎಂತ ಒಳಗೆ ಕೂತುಂಟಾ? ನೀನು ಕ್ಯಾರೆಟ್ ಹೆಚ್ಚು."

ಕ್ಯಾರೆಟ್, ಕೋಸು, ನಾಲ್ಕು ಕಾಳುಮೆಣಸು. ಕಾವೇರುತ್ತಿದ್ದಂತೆ ಮಣ್ಣಿನೊಳಗಿಂದ ಎಷ್ಟೋ ಭಾನುವಾರಗಳ ಮಾಂಸದ ವಾಸನೆ ಎದ್ದಿತು. ಪ್ರೇಮಾವತಿ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಸೌಟು ಮಾತ್ರ ಬಿಡಲಿಲ್ಲ. ಸಾರು ತಿಳಿಯಾಗುವಷ್ಟರಲ್ಲಿ ಸೆರಗು ತಾನಾಗಿ ಜಾರಿತ್ತು.

ಬಿಸಿ ಮಡಕೆಯನ್ನು ಬಟ್ಟೆಯಲ್ಲಿ ಹಿಡಿದು ಎದುರುಬಾಗಿಲಲ್ಲಿಟ್ಟು, ಬೆಲ್ ಒತ್ತಿ, ತಮ್ಮ ಹೊಸ್ತಿಲಿಗೆ ಸರಿದು ನಿಂತರು. ಬಾಗಿಲು ತೆರೆದ ಮದಾಂ ಬಾಗಿ ಆ ಮುಚ್ಚಳದ ಆವಿಗೆ ಅಂಗೈ ಒಡ್ಡಿದಳು. ಆಮೇಲೆ ಚಮಚ ತಂದು ರುಚಿ ನೋಡಿ ಫ್ರೆಂಚಿನಲ್ಲಿ ಏನೋ ಗೊಣಗಿದಳು.

ತನುಶ್ರೀ ನಕ್ಕಳು. "ಇದು ಮಾರ್ಮಿತ್ ಅಲ್ವಂತೆ. ತರಕಾರಿಗೆ ಸ್ನಾನ ಮಾಡಿಸಿ ಉಳಿದ ನೀರಂತೆ."

"ಹೌದಾ? ಬೈಲಿಕ್ಕೆ ಬಾಯಿ ಬಂತಲ್ಲ, ಉಣ್ಣಲಿಕ್ಕೂ ಬರ್ತದೆ!"

ಆದರೆ ಮದಾಂ ಚಮಚ ಕೆಳಗಿಟ್ಟಳು. ಒಳಗಿನಿಂದ ಎರಡು ಬಟ್ಟಲು ತಂದು ತುಂಬಿದಳು. ಒಂದನ್ನು ನಡುಹಾದಿಯಲ್ಲಿಟ್ಟು ಹಿಂದೆ ಸರಿದಳು.

"ಅದು ಇಬ್ಬರ ಮಡಕೆಯಂತೆ ಅಮ್ಮ. ಒಬ್ಬಳೇ ಉಣ್ಣುದಿಲ್ಲಂತೆ."

ಪ್ರೇಮಾವತಿ ಬಟ್ಟಲನ್ನು ನೋಡಿದರು, ಮುದುಕಿಯ ಒಣಗಿದ ತುಟಿಗಳನ್ನು ನೋಡಿದರು. ಬಟ್ಟಲನ್ನು ಎತ್ತಿಕೊಂಡು ಬಂದು ಹೊಸ್ತಿಲಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು.

"ಬಿಸಿ ಉಂಟು, ಊದಿ ಕುಡಿಲಿಕ್ಕೆ ಹೇಳು," ಎಂದು, ತಾವೇ ಮೊದಲ ಗುಟುಕು ಕುಡಿದರು.