ಬೋರ್ಡಮ್ಮ ಕೊಟ್ಟ ಲೈನು

ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಮೂವತ್ತೊಂದು ವರ್ಷ ಕೂತು ಎದ್ದವರಿಗೆ ಮನೆಯಲ್ಲೂ ಬೋರ್ಡಮ್ಮ ಎಂಬ ಹೆಸರೇ ಅಂಟಿಕೊಂಡಿತ್ತು. ನಿವೃತ್ತಿಯಾಗಿ ಆರು ವರ್ಷ ಕಳೆದರೂ ಫೋನು ಎರಡನೇ ಸಲ ರಿಂಗಾಗುವಷ್ಟರಲ್ಲಿ ಅವರ ಕೈ ಅದರ ಮೇಲಿರುತ್ತಿತ್ತು. ಬಂದ ಕರೆಯನ್ನು ಬರಿಗೈಲಿ ಕಳಿಸುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಅವರ ಸೊಸೆ ತೊದಲುವ ಮಕ್ಕಳಿಗೆ ಮಾತು ಸಲೀಸು ಮಾಡಿಕೊಡುವ ಕೆಲಸದವಳು. ಮಕ್ಕಳು ತಡವರಿಸುತ್ತ, ಅಳುತ್ತ, ಮತ್ತೆ ಶುರುಮಾಡುತ್ತ ಆಡಿದ ಮಾತಿನ ರೆಕಾರ್ಡಿಂಗುಗಳೆಲ್ಲ ಒಳಕೋಣೆಯ ಕಂಪ್ಯೂಟರಿನಲ್ಲಿದ್ದವು. ಬೇರೆ ಯಾರ ಕಿವಿಗೂ ಇದು ಬೀಳುವುದಿಲ್ಲ ಎಂದು ಅವಳು ಒಂದೊಂದು ಮಗುವಿಗೂ ಭಾಷೆ ಕೊಟ್ಟಿದ್ದಳು.

ಅವತ್ತು ಬೆಳಿಗ್ಗೆ ಅವಳು ಕೆಲಸ ಮಾಡುವ ಕ್ಲಿನಿಕ್ಕಿನಿಂದ ಪತ್ರ ಬಂತು. ಮನೆಗೆ ಇಂಟರ್ನೆಟ್ ತರುವ ರೂಟರ್ ದಾಟಿ ಹೊರಗಿನವರು ನಿಮ್ಮ ಕಂಪ್ಯೂಟರಿನ ತನಕ ಬರಲು ಸಾಧ್ಯವೇ, ನೋಡಿ ಸಂಜೆಯೊಳಗೆ ತಿಳಿಸಿ, ಬಂದಿದ್ದರೆ ಹೆತ್ತವರಿಗೆ ಹೇಳಬೇಕಾಗುತ್ತದೆ ಎಂದಿತ್ತು. ಸೊಸೆ ರೂಟರಿನ ಪುಟ ತೆರೆದವಳೇ ಕೂಗಿಕೊಂಡಳು.

"ಅತ್ತೆ, ಬನ್ನಿ ಇಲ್ಲಿ! ನೋಡಿ ಇದನ್ನ."

ಬೋರ್ಡಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. ಪರದೆಯ ಮೇಲೆ ಸಾಲುಗಳು ಒಂದರ ಮೇಲೊಂದು ಹುಟ್ಟುತ್ತಿದ್ದವು. ಎಲ್ಲಿಂದ ಬಂದದ್ದು, ಯಾವ ಗಳಿಗೆಯಲ್ಲಿ, ಯಾವ ಬಾಗಿಲು ತಟ್ಟಿದ್ದು. ಒಂದನ್ನು ಓದಿ ಮುಗಿಸುವಷ್ಟರಲ್ಲಿ ಮೂರು ಬಂದು ಕೂತಿರುತ್ತಿದ್ದವು.

"ಇಷ್ಟೊಂದು ಜನ ನಮ್ಮನೆ ಬಾಗಿಲು ತಟ್ತಿದಾರಾ? ನಾವಿಲ್ಲಿ ಹಾಯಾಗಿ ಕಾಫಿ ಕುಡೀತಾ ಕೂತಿದ್ವಲ್ಲೇ!"

"ಜನ ಅಲ್ಲ ಅತ್ತೆ, ಮೆಷಿನ್ನುಗಳು. ಲೋಕದಲ್ಲಿರೋ ನಂಬರಿಗೆಲ್ಲ ಸಾಲಾಗಿ ಕರೆ ಮಾಡ್ತಾ ಹೋಗ್ತವೆ, ಯಾರಾದ್ರೂ ಎತ್ತಬಹುದು ಅಂತ."

ಬೋರ್ಡಮ್ಮನಿಗೆ ಮೈ ಜುಮ್ಮೆಂದಿತು. ರೈಲು ಅಪಘಾತವಾದ ದಿನ ಅವರೊಬ್ಬರೇ ಒಂದು ಪಾಳಿಯಲ್ಲಿ ಎಂಟುನೂರು ಕರೆ ನಿಭಾಯಿಸಿದ್ದರು, ಆಮೇಲೆ ಎರಡು ದಿನ ಭುಜ ಎತ್ತಲಾಗಿರಲಿಲ್ಲ. ಇಲ್ಲಿ ಅಷ್ಟು ಕರೆ ಒಂದು ಗಂಟೆಯೊಳಗೇ ಬಂದು ಹೋಗಿದ್ದವು. ಪುಸ್ತಕದ ಕಪಾಟಿನ ಮೇಲೆ ಕೂತಿದ್ದ ಆ ಅಂಗೈಯಗಲದ ರೂಟರ್ ಡಬ್ಬಿ ತನ್ನ ಪಾಡಿಗೆ ಹಸಿರು ದೀಪ ಮಿನುಗಿಸುತ್ತಿತ್ತು. ಉಸ್ಸೆಂದದ್ದೂ ಇಲ್ಲ. ಅವರು ಎದ್ದು ಹೋಗಿ ಅದರ ನೆತ್ತಿ ಮುಟ್ಟಿ ನೋಡಿದರು. ಸ್ವಲ್ಪ ಬೆಚ್ಚಗಿತ್ತು.

"ಒಳಗಿನವರು ಕೇಳಿದ್ದನ್ನ ಇದು ಬರೆದಿಟ್ಕೊಳ್ಳತ್ತೆ," ಎಂದಳು ಸೊಸೆ. "ಉತ್ತರ ಬಂದ್ರೆ ಕೇಳಿದವರಿಗೇ ಕೊಡತ್ತೆ. ಕೇಳದೆ ಬಂದಿದ್ದನ್ನ ಯಾರಿಗೆ ಕೊಡ್ಬೇಕು ಅಂತ ಅದಕ್ಕೆ ಗೊತ್ತಾಗಲ್ಲ. ಹಾಗೇ ಬಿಟ್ಟುಬಿಡತ್ತೆ."

"ಹಾಗಾದ್ರೆ ಇದೂ ಬೋರ್ಡೇ ಕಣೇ! ನಮ್ಮ ಜಾತಿಯದೇ!" ಬೋರ್ಡಮ್ಮ ಮತ್ತೆ ಪರದೆಗೆ ಮುಖವಿಟ್ಟರು. ಈಗ ಅವರು ನೋಡುತ್ತಿದ್ದದ್ದು ಹಳೆಯ ಕಣ್ಣಿನಿಂದ. "ಅಲ್ವೇ, ಯಾರಿಗೂ ಕೊಡದೇ ಇರೋ ಕರೆ ಮುಂದೆ ಒಳಗಿನ ಎಕ್ಸ್‌ಟೆನ್ಷನ್ ನಂಬರ್ ಯಾಕಿದೆ? ಎಲ್ಲದರ ಮುಂದೂ ಒಂದೇ ನಂಬರು!"

ಸೊಸೆ ಬಗ್ಗಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. "ಅದು ಈ ಕಂಪ್ಯೂಟರಿನ ನಂಬರು ಅತ್ತೆ. ಬಂದಿದ್ದನ್ನೆಲ್ಲ ಇದಕ್ಕೇ ಕಳಿಸ್ತಿದೆ."

ಬೋರ್ಡಮ್ಮನಿಗೆ ತಟ್ಟನೆ ನೆನಪಾಯಿತು. ಇಪ್ಪತ್ತು ದಿನದ ಹಿಂದೆ ಹೊಸ ಡಬ್ಬಿ ಕೂರಿಸಲು ಬಂದ ರಿಪೇರಿಯವನು ಅವರನ್ನೇ ಕೇಳಿದ್ದ. ಹೊರಗಿನಿಂದ ಬಂದದ್ದು ಯಾರಿಗೆ ಅಂತ ತಿಳಿಯದಿದ್ದರೆ ಬಿಟ್ಟುಬಿಡಲಾ, ಇಲ್ಲ ಯಾವುದಾದರೂ ಕಂಪ್ಯೂಟರಿಗೆ ಕಳಿಸಲಾ ಎಂದಿದ್ದ. ಮೂವತ್ತೊಂದು ವರ್ಷದ ಅಭ್ಯಾಸ ಅವರ ಬಾಯಿಂದ ಉತ್ತರಿಸಿತ್ತು: "ಬಿಡೋದು ಅಂದ್ರೇನ್ರೀ? ಯಾವಾಗ್ಲೂ ಯಾರಾದ್ರೂ ಕೂತಿರೋ ಕಡೆ ಕೊಡಿ." ಯಾವಾಗಲೂ ಕೂತಿರುತ್ತಿದ್ದವಳು ಸೊಸೆ.

ಅವರು ಅದನ್ನು ನುಂಗಿಕೊಳ್ಳಬಹುದಿತ್ತು. ರಿಪೇರಿಯವನ ತಲೆಗೆ ಕಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ನಾನೇ ಕೊಡಿಸಿದ ಲೈನು ಕಣೇ," ಎಂದು ಎಲ್ಲವನ್ನೂ ಹೇಳಿಬಿಟ್ಟರು.

ಸೊಸೆ ರೂಟರಿನ ಪುಟಕ್ಕೆ ಮರಳಿದಳು. ಮೊದಲು ಆ ಲೈನು ಕಿತ್ತಳು. ಆಮೇಲೆ ಕಂಪ್ಯೂಟರಿನದೇ ಆದ ಕಾವಲಿನ ಪಟ್ಟಿ ತೆರೆದು, ಒಳಗೆ ಬಿಟ್ಟದ್ದು ಏನಾದರೂ ಇದೆಯೇ ಎಂದು ಇಪ್ಪತ್ತೂ ದಿನದ ಸಾಲುಗಳನ್ನು ಒಂದೊಂದು ದಿನದ್ದಾಗಿ ಜಾಲಾಡಿದಳು. ಮಧ್ಯಾಹ್ನದ ಊಟ ಆರಿಹೋಯಿತು. ನಿರಾಕರಿಸಿದೆ, ನಿರಾಕರಿಸಿದೆ, ನಿರಾಕರಿಸಿದೆ. ಲಕ್ಷಗಟ್ಟಲೆ ಸಲ ಅದೇ ಪದ. ರೂಟರ್ ಒಳಗೆ ಬಿಟ್ಟದ್ದನ್ನೆಲ್ಲ ಈ ಕಂಪ್ಯೂಟರು ತಾನೊಂದೇ ನಿಂತು ತಡೆದಿತ್ತು. ಬೋರ್ಡಮ್ಮ ಬೆರಗಿನಿಂದ ಕೈ ಮುಗಿದೇಬಿಟ್ಟರು.

"ಒಬ್ಬರೂ ಒಳಗೆ ಬಂದಿಲ್ಲ," ಎಂದು ಸೊಸೆ ಮೇಜಿಗೆ ಹಣೆಯಿಟ್ಟಳು. ಬಾಗಿಲು ತೆರೆದಿತ್ತು, ಯಾರೂ ಒಳಗೆ ಬಂದ ಗುರುತಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಕ್ಲಿನಿಕ್ಕಿಗೆ ಬರೆದಳು. ತೆರೆಸಿದ್ದು ನಾನು ಅಂತಲೂ ಸೇರಿಸು ಎಂದು ಬೋರ್ಡಮ್ಮ ಹಟ ಹಿಡಿದರು.

ಪತ್ರ ಹೋದ ಮೇಲೆ ಅವರಿಗೆ ಆಸೆ ತಡೆಯಲಾಗಲಿಲ್ಲ. "ಇಷ್ಟೆಲ್ಲ ಕಾಪಾಡಿದ ಮಾತು ಹೇಗಿರತ್ತೆ ಅಂತ ಒಂದೇ ಒಂದು ಮಗು ದನಿ ಕೇಳಿಸೇ. ನಾನೇನು ಹೊರಗಿನವಳಾ?"

ಸೊಸೆ ಅವರ ಕೈ ಹಿಡಿದುಕೊಂಡಳು. "ಹೌದತ್ತೆ. ಆ ಮಕ್ಕಳಿಗೆ ನೀವೂ ಹೊರಗಿನವರೇ."

ಅತ್ತೆಗೆ ಸೊಸೆ ಆಡುವ ಮಾತೇ ಅದು? ಆದರೂ ಕಂಪ್ಯೂಟರು ಲಕ್ಷಾಂತರ ಕರೆಗಳನ್ನು ಹಿಂದೆ ಕಳಿಸಿದ್ದಕ್ಕಿಂತ, ಸೊಸೆ ಕೈ ಹಿಡಿದುಕೊಂಡೇ ತಮ್ಮೊಬ್ಬರನ್ನು ಹಿಂದೆ ಕಳಿಸಿದ್ದು ಬೋರ್ಡಮ್ಮನಿಗೆ ದೊಡ್ಡದಾಗಿ ಕಂಡಿತು. ಅವರು ಸೊಸೆಯ ತಲೆ ಸವರಿ, ಹೊರಗೆ ಹೋಗಿ, ಕೋಣೆಯ ಬಾಗಿಲನ್ನು ತಾವೇ ಎಳೆದುಕೊಂಡರು.